ಅವ್ವನ ಎರಡು ಸಾವಿರ

ಕಾಲೇಜು ಗೆಳೆಯರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಬಿಟ್ಟಿ ಭಾಗ್ಯ’ದ ಮೀಮ್‌ಗಳನ್ನು ಅತಿ ಹೆಚ್ಚು ಹಾಕಿದವರ ಪಟ್ಟಿ ಮಾಡಿದರೆ ಮೊದಲ ಹೆಸರು ನನ್ನದೇ ಇರುತ್ತೆ. ಸಂಬಳದ ಸ್ಲಿಪ್ಪಿನಲ್ಲಿ ತೆರಿಗೆ ಕಟ್ ಆದ ಸಾಲು ನೋಡಿದಾಗಲೆಲ್ಲ ಹೊಟ್ಟೆ ಉರಿಯೋದು. ‘ನಾವು ದುಡಿಯೋದು, ಅವರು ಹಂಚೋದು’ ಅಂತ ಬರೆದು, ಕೆಳಗೆ ಸದನದಲ್ಲಿ ಯಾರೋ ತೂಕಡಿಸುತ್ತಿರುವ ಫೋಟೊ ಅಂಟಿಸಿಬಿಟ್ಟರೆ ನನ್ನ ಆ ದಿನದ ರಾಜಕೀಯ ಮುಗೀತು. ಅಧಿವೇಶನ ಅಂದ್ರೆ ನನಗೆ ಮೂವತ್ತು ಸೆಕೆಂಡಿನ ರೀಲು. ಒಬ್ಬರು ಕೂಗ್ತಾರೆ, ಇನ್ನೊಬ್ಬರು ಬಾವಿಗೆ ಇಳೀತಾರೆ, ಸಭಾಧ್ಯಕ್ಷರು ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತಾರೆ. ಮುಂದಿನ ರೀಲಿಗೆ ಬೆರಳು ತಾನಾಗೇ ಹೋಗುತ್ತೆ.

ಅಲ್ಲಿ ಆಡೋ ಮಾತಿಗೂ ಹೊಸ ಅಗ್ರಹಾರದ ನಮ್ಮನೆ ಜಗಲಿಗೂ ಏನು ನಂಟು ಅಂತ ಗೊತ್ತಾಗಿದ್ದು ತಡವಾಗಿ. ಅದೂ ನನ್ನಿಂದಲೇ ಒಂದು ಎಡವಟ್ಟಾದ ಮೇಲೆ.

ನಮ್ಮೂರು ಕೆ.ಆರ್.ನಗರದ ಕಡೆ. ಎರಡು ಎಕರೆ ಗದ್ದೆ, ಎರಡು ಸೀಮೆ ಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು. ಅಪ್ಪ ಗದ್ದೆ ನೋಡ್ಕೊತಾರೆ, ಹಸು ಅವ್ವನದು. ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿ ಎಂಟು ವರ್ಷ ಆಯ್ತು. ತಿಂಗಳು ತಿಂಗಳು ಹದಿನೈದು ಸಾವಿರ ಮನೆಗೆ ಕಳಿಸ್ತೀನಿ. ಈ ಲೆಕ್ಕ ಯಾಕೆ ಹೇಳ್ತಿದೀನಿ ಅಂದ್ರೆ, ನಾನು ಅದನ್ನ ಬಹಳ ದೊಡ್ಡದು ಅಂದ್ಕೊಂಡಿದ್ದೆ.

2023ರ ಬೇಸಿಗೆ ನಿಮಗೆ ನೆನಪಿರಬಹುದು. ಚುನಾವಣೆ ಮುಗಿದಿತ್ತು, ಮನೆ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡ್ತೀವಿ ಅಂದಿದ್ದ ಸರ್ಕಾರ ಬಂದಿತ್ತು. ಅಷ್ಟರಲ್ಲಿ ರಾಜ್ಯಕ್ಕೆ ರಾಜ್ಯವೇ ಒಂದು ಪ್ರಶ್ನೆ ಹಿಡ್ಕೊಂಡು ಕೂತಿತ್ತು: ಯಜಮಾನಿ ಅಂದ್ರೆ ಯಾರು, ಅತ್ತೆಯೋ ಸೊಸೆಯೋ? ಟಿವಿಯವರಿಗೆ ಹಬ್ಬ. ನಮ್ಮ ಬೀದಿಯಲ್ಲಿ ಒಂದು ಮನೆಯಲ್ಲಿ ಅತ್ತೆ ಸೊಸೆ ಮೂರು ದಿನ ಮಾತು ಬಿಟ್ಟಿದ್ದರು. ಕೊನೆಗೆ ಪಡಿತರ ಚೀಟಿಯಲ್ಲಿ ಯಾರ ಹೆಸರು ಯಜಮಾನಿ ಅಂತ ಇದೆಯೋ ಅವರಿಗೆ ಅಂತ ತೀರ್ಮಾನ ಆಯ್ತು. ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಣ್ಣುಮಗಳೇ ಮುಖ್ಯಸ್ಥೆ ಅಂತ ಬಂದಿದ್ದು ಸಂಸತ್ತು 2013ರಲ್ಲಿ ಒಪ್ಪಿದ ಆಹಾರ ಭದ್ರತಾ ಕಾಯ್ದೆಯಿಂದ. ಅಂದರೆ ಅತ್ತೆ ಸೊಸೆ ಜಗಳ ಹತ್ತು ವರ್ಷ ಮೊದಲೇ ದೆಹಲಿಯಲ್ಲಿ ಮುಗಿದಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ.

ನಮ್ಮನೇಲಿ ಆ ತಕರಾರು ಇರಲಿಲ್ಲ. ಅಜ್ಜಿ ತೀರಿಕೊಂಡು ನಾಲ್ಕು ವರ್ಷ ಆಗಿತ್ತು, ಚೀಟಿಯಲ್ಲಿ ಅವ್ವನ ಹೆಸರೇ ಇತ್ತು. ಜುಲೈ 7ಕ್ಕೆ ಬಜೆಟ್ ಬಂತು. ಐದೂ ಗ್ಯಾರಂಟಿಗೆ ವರ್ಷಕ್ಕೆ 52,000 ಕೋಟಿ. ನಾನು ಅದರ ಮೇಲೂ ಒಂದು ಮೀಮ್ ಮಾಡಿದೆ. ಜುಲೈ 19ಕ್ಕೆ ಗೃಹಲಕ್ಷ್ಮಿ ನೋಂದಣಿಗೆ ಚಾಲನೆ ಕೊಟ್ಟರು. ಅದೇ ದಿನ ವಿಧಾನಸಭೆಯಲ್ಲಿ ಬೇರೆ ಯಾವುದೋ ಗಲಾಟೆಗೆ ವಿರೋಧ ಪಕ್ಷದವರು ಕಾಗದ ಹರಿದು ಉಪಸಭಾಧ್ಯಕ್ಷರತ್ತ ಎಸೆದರು, 10 ಶಾಸಕರು ಅಮಾನತಾದರು. ನಾನು ಎರಡನೇ ಸುದ್ದಿ ನೋಡಿದೆ. ಅವ್ವ ಮೊದಲನೇದನ್ನ ಕೇಳಿಸ್ಕೊಂಡು, ಮಾರನೇ ವಾರ ಆಧಾರ್ ಕಾರ್ಡು, ಪಾಸ್ ಪುಸ್ತಕ ಒಂದು ಪ್ಲಾಸ್ಟಿಕ್ ಕವರಿಗೆ ಹಾಕ್ಕೊಂಡು ಅರ್ಜಿ ಕೊಟ್ಟು ಬಂದಳು.

ಆಗಸ್ಟ್ 30ಕ್ಕೆ ಯೋಜನೆ ಉದ್ಘಾಟನೆ ಆಗಿದ್ದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ. ಊರಿನ ಹೆಂಗಸರ ಜೊತೆ ಅವ್ವನೂ ಹೋಗಿದ್ದಳು. ಜನವೋ ಜನ ಅಂತೆ. ರಾತ್ರಿ ಫೋನ್ ಮಾಡಿ ಕೊಟ್ಟ ಊಟದ ಬಗ್ಗೆ, ಬಸ್ಸಲ್ಲಿ ಸೀಟು ಹಿಡಿದ ಬಗ್ಗೆ ಅರ್ಧ ಗಂಟೆ ಹೇಳಿದಳು. ಜೊತೆಯಲ್ಲಿ ಹೋದವರಿಗೆ ಒಬ್ಬೊಬ್ಬರಿಗಾಗಿ ಮೆಸೇಜು ಬರೋಕೆ ಶುರುವಾಯ್ತು. ಅವ್ವನಿಗೆ ಬರಲಿಲ್ಲ.

‘ಬತ್ತದೆ ಬುಡು’ ಅಂದಳು. ದೀಪಾವಳಿ ಆಯ್ತು, ಸಂಕ್ರಾಂತಿ ಆಯ್ತು. ನಾನು ‘ಹೋಗ್ಲಿ ಬಿಡವ್ವ, ನಾನೇ ಕಳಿಸ್ತೀನಲ್ಲ, ಆ ಎರಡು ಸಾವಿರ ಯಾಕೆ ಬೇಕು ನಿಂಗೆ’ ಅಂದೆ. ಅವಳು ಏನೂ ಹೇಳಲಿಲ್ಲ. ಅವಳು ಸುಮ್ಮನಾದಾಗೆಲ್ಲ ಒಪ್ಪಿಕೊಂಡಳು ಅಂತ ತಿಳ್ಕೊಳ್ಳೋದು ನನ್ನ ಹಳೇ ಚಾಳಿ.

ನನಗೆ ಗೊತ್ತಿಲ್ಲದ ಹಾಗೆ ಅವಳು ಆಫೀಸಿನಿಂದ ಆಫೀಸಿಗೆ ಅಲೀತಾನೇ ಇದ್ದಳು. ಬಸ್ಸು ಹೆಂಗಸರಿಗೆ ಫ್ರೀ ಇದ್ದದ್ದಕ್ಕೆ ದುಡ್ಡು ಖರ್ಚಾಗ್ತಿರಲಿಲ್ಲ, ಹಾಗಾಗಿ ಅಪ್ಪನಿಗೂ ಗೊತ್ತಾಗಿಲ್ಲ. ಒಂದು ಕಡೆ ಆಧಾರ್ ಲಿಂಕ್ ಆಗಿಲ್ಲ ಅಂದರು, ಮಾಡಿಸಿದಳು. ಇನ್ನೊಂದು ಕಡೆ ಬ್ಯಾಂಕಿನಲ್ಲಿ ಕೇಳಿ ಅಂದರು, ಕೇಳಿದಳು. ಕೊನೆಗೆ ಒಬ್ಬ ಹುಡುಗ ಕಂಪ್ಯೂಟರ್ ನೋಡಿ, ‘ನಿಮ್ ಯಜಮಾನ್ರು ಟ್ಯಾಕ್ಸ್ ಕಟ್ತಾರೆ ಅಂತ ತೋರಿಸ್ತಿದೆ ಕಣಮ್ಮಾ, ಅದಕ್ಕೆ ಬರ್ತಿಲ್ಲ’ ಅಂದನಂತೆ.

ಅವ್ವ ಖುಷಿಯಾಗಿ ಮನೆಗೆ ಬಂದಳು. ಟ್ರಂಕು ತೆಗೆದು ಹತ್ತು ಹನ್ನೆರಡು ವರ್ಷದ ಕಂದಾಯದ ರಸೀತಿಗಳನ್ನೆಲ್ಲ ಜೋಡಿಸಿ, ಮನೆ ಕಂದಾಯ, ನೀರಿನ ಕಂದಾಯದ ಚೀಟಿಗಳನ್ನೂ ಸೇರಿಸಿ ಮಾರನೇ ದಿನ ತಗೊಂಡು ಹೋಗಿ ಮೇಜಿನ ಮೇಲಿಟ್ಟಳು. ‘ನೋಡಿ ಸ್ವಾಮಿ, ಒಂದು ವರ್ಸನೂ ಬಾಕಿ ಇಲ್ಲ. ಎಲ್ಲಾ ಕಟ್ಟಿದೀವಿ.’

ಟ್ಯಾಕ್ಸ್ ಕಟ್ಟಿದರೆ ಅರ್ಹತೆ ಹೋಗುತ್ತೆ ಅನ್ನೋದು ಅವಳ ತಲೆಗೆ ಹೊಳೆಯೋದಾದರೂ ಹೇಗೆ? ಅವಳ ಜೀವಮಾನದಲ್ಲಿ ಕಂದಾಯ ಕಟ್ಟಿದವರೇ ಮರ್ಯಾದಸ್ಥರು. ಆ ಹುಡುಗ ನಕ್ಕನಂತೆ. ಅದನ್ನ ಹೇಳುವಾಗ ಅವ್ವನೂ ನಕ್ಕಳು. ನನಗೆ ನಗು ಬರಲಿಲ್ಲ.

ಇದೆಲ್ಲ ನನಗೆ ಗೊತ್ತಾಗಿದ್ದು 2025ರ ಮಾರ್ಚ್ 21, ಶುಕ್ರವಾರ. ಊರಿನಿಂದಲೇ ಕೆಲಸ ಮಾಡ್ತಿದ್ದೆ. ಪಕ್ಕದಲ್ಲಿ ಫೋನ್ ಒರಗಿಸಿ ವಿಧಾನಸಭೆ ಲೈವ್ ಹಾಕಿದ್ದೆ, ಕೆಲಸದ ನಡುವೆ ಮೀಮಿಗೆ ಸರಕು ಬೇಕಲ್ಲ. ಅವತ್ತಂತೂ ಸರಕಿಗೆ ಬರ ಇರಲಿಲ್ಲ. ಕಾಗದ ಹಾರಿದವು, 18 ಶಾಸಕರನ್ನ ಆರು ತಿಂಗಳು ಅಮಾನತು ಮಾಡಿದರು, ಮಾರ್ಷಲ್‌ಗಳು ಕೆಲವರನ್ನ ಎತ್ತಿಕೊಂಡೇ ಹೊರಗೆ ಹೋದರು. ಅದೇ ಗದ್ದಲದ ದಿನ ಶಾಸಕರ, ಮಂತ್ರಿಗಳ ಸಂಬಳ ಹೆಚ್ಚಿಸುವ ಮಸೂದೆಯೂ ಚರ್ಚೆ ಇಲ್ಲದೆ ಪಾಸಾಯ್ತು. ಶಾಸಕರ ಮೂಲ ಸಂಬಳ 40,000ದಿಂದ 80,000ಕ್ಕೆ. ಅವ್ವ ಹಾಲಿನ ಕ್ಯಾನು ತೊಳೆದು ಬಂದು ಹಿಂದೆ ನಿಂತಿದ್ದಳು.

‘ಏನ್ಲಾ ಅದು?’

‘ಸಂಬಳ ಜಾಸ್ತಿ ಮಾಡ್ಕೊಂಡ್ರು ಕಣವ್ವ.’

‘ಎಷ್ಟ್ ಸಲ ಅಲೆದ್ರಂತೆ ಅದಕ್ಕೆ?’

ವ್ಯಂಗ್ಯ ಮಾಡ್ತಿದ್ದಾಳೆ ಅಂದ್ಕೊಂಡು ತಿರುಗಿ ನೋಡಿದೆ. ಅಲ್ಲ, ನಿಜವಾಗಿ ಕೇಳ್ತಿದ್ದಳು. ಆಮೇಲೆ ಒಂದೊಂದಾಗಿ ಹೊರಗೆ ಬಂತು, ಆಧಾರ್ ಲಿಂಕು, ಬ್ಯಾಂಕು, ಕಂದಾಯದ ರಸೀತಿ. ‘ಹನ್ನೊಂದು ಸಲ ಹೋಗಿವ್ನಿ’ ಅಂದಳು. ‘ಟ್ಯಾಕ್ಸ್ ಕಟ್ತಾರೆ ಅಂತ ತೋರಿಸ್ತದಂತೆ’ ಅಂತ ಅವಳು ಅಂದ ಮರುಕ್ಷಣವೇ ನನ್ನ ಹೊಟ್ಟೆ ಒಳಗೆ ಏನೋ ಜಾರಿದ ಹಾಗಾಯ್ತು.

2021ರಲ್ಲಿ ಮನೆಗೆ ಮೇಲಂತಸ್ತು ಹಾಕಿಸೋಣ ಅಂತ ಸಾಲಕ್ಕೆ ಓಡಾಡ್ತಿದ್ದೆ. ಜಂಟಿ ಅರ್ಜಿದಾರರಾಗಿ ಅಪ್ಪನ ಹೆಸರು ಸೇರಿಸಿ, ಅವರದ್ದೂ ಐಟಿ ರಿಟರ್ನ್ಸ್ ಇದ್ದರೆ ಬೇಗ ಆಗುತ್ತೆ ಅಂತ ಯಾರೋ ಹೇಳಿದರು. ಅಪ್ಪನಿಗೆ ಪ್ಯಾನ್ ಮಾಡಿಸಿ, ಹಾಲಿನ ದುಡ್ಡನ್ನ ಆದಾಯ ಅಂತ ತೋರಿಸಿ, ನಾನೇ ಲ್ಯಾಪ್‌ಟಾಪಿನಲ್ಲಿ ಕೂತು ಅವರ ಹೆಸರಲ್ಲಿ ರಿಟರ್ನ್ಸ್ ಹಾಕಿದ್ದೆ. ಇಪ್ಪತ್ತು ನಿಮಿಷದ ಕೆಲಸ. ಕಟ್ಟಬೇಕಾದ ತೆರಿಗೆ ಸೊನ್ನೆ. ಸಾಲ ಕೊನೆಗೆ ನನ್ನೊಬ್ಬನ ಹೆಸರಲ್ಲೇ ಆಯ್ತು. ಅಪ್ಪನ ರಿಟರ್ನ್ಸ್ ಮರೆತೇ ಹೋಯ್ತು.

ಗೃಹಲಕ್ಷ್ಮಿಯ ನಿಯಮ ತೆಗೆದು ನೋಡಿದೆ. ಎರಡು ವರ್ಷ ಆ ಯೋಜನೆಯನ್ನ ಬಯ್ದಿದ್ದೆ, ನಿಯಮ ಓದಿದ್ದು ಅದೇ ಮೊದಲು. ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿಸುವವರಾಗಿದ್ದರೆ, ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಸಿಗೋದಿಲ್ಲ. ಸರಿಯಾಗಿ ಓದಿ: ಆದಾಯ ತೆರಿಗೆಯ ವಿಷಯದಲ್ಲಿ ‘ಪಾವತಿಸುವವರು’, ಜಿಎಸ್‌ಟಿ ವಿಷಯದಲ್ಲಿ ‘ರಿಟರ್ನ್ಸ್ ಸಲ್ಲಿಸುವವರು’. ಅಪ್ಪ ರಿಟರ್ನ್ಸ್ ಸಲ್ಲಿಸಿದ್ದಾರೆ, ಒಂದು ರೂಪಾಯಿ ತೆರಿಗೆ ಪಾವತಿಸಿಲ್ಲ. ಕಾಗದದ ಮೇಲೆ ಅವ್ವ ಅರ್ಹಳು. ಆದರೆ ಕಂಪ್ಯೂಟರಿನಲ್ಲಿ ಹೌದು, ಇಲ್ಲ ಅಂತ ಎರಡೇ ಉತ್ತರ ಇರೋ ಒಂದು ಖಾನೆ. ಅಪ್ಪನ ಪ್ಯಾನು ಆ ಪಟ್ಟಿಯಲ್ಲಿ ಸಿಕ್ಕಿತು, ಹೌದು ಅಂತ ಬಿತ್ತು. ಇಂಥ ಖಾನೆಗಳನ್ನ ನಾನು ದಿನಾ ಬರೀತೀನಿ, ಹೊಟ್ಟೆಪಾಡೇ ಅದು. ಸಲ್ಲಿಸಿದವನು ಬೇರೆ, ಕಟ್ಟಿದವನು ಬೇರೆ ಅಂತ ಕೇಳೋ ಮನುಷ್ಯ ಒಬ್ಬ ಮೀಟಿಂಗಿನಲ್ಲಿ ಇಲ್ಲದೇ ಹೋದರೆ ಆ ತಪ್ಪು ಹಾಗೇ ದಾಟಿ ಹೋಗುತ್ತೆ. ಆಮೇಲೆ ಅದನ್ನ ಕಂಡುಹಿಡಿಯೋರು ಅವ್ವನಂಥವರು, ಹನ್ನೊಂದು ಸಲ ಬಸ್ ಹತ್ತಿ.

ಅಂಥ ಮನುಷ್ಯರು ಇರಬೇಕಾದ ಜಾಗ ಸದನ ಅಂತ ನನಗೆ ಅವತ್ತು ಹೊಳೀತು. ಆದರೆ ಗೃಹಲಕ್ಷ್ಮಿಗೆ ಅಂತ ಒಂದು ಕಾಯ್ದೆಯೇ ಇಲ್ಲ. ಬಜೆಟ್ಟಿನಲ್ಲಿ ಹಣಕ್ಕೆ ಸದನ ಒಪ್ಪಿಗೆ ಕೊಟ್ಟಿದೆ, ಷರತ್ತುಗಳು ಸರ್ಕಾರದ ಆದೇಶದಲ್ಲಿ ಬಂದಿವೆ. ಮಸೂದೆ ಆಗಿದ್ದರೆ ಕಲಮು ಕಲಮಾಗಿ ಓದಬೇಕಿತ್ತು, ಯಾರಾದರೂ ಎದ್ದು ನಿಂತು ‘ಪಾವತಿದಾರ ಅಂದ್ರೆ ಯಾರು, ವಿವರಿಸಿ’ ಅನ್ನಬಹುದಿತ್ತು. ಅಂದೇ ಅಂತಿದ್ದರು ಅಂತ ನಾನು ಹೇಳಲಾರೆ. ಮಾರ್ಚ್ 21ನ್ನ ಕಣ್ಣಾರೆ ನೋಡಿದೀನಿ.

ರಾತ್ರಿ ಊಟಕ್ಕೆ ಕೂತಾಗ ವಿಷಯ ಒಪ್ಪಿಸಿದೆ. ಅಪ್ಪ ಬಯ್ಯಲಿಲ್ಲ. ಮುದ್ದೆ ಮುರೀತಾ, ‘ನಿಮ್ ತಾತಂಗೂ ಪಾಣಿ ಹಿಂಗೇ ಮಾಡಿತ್ತು’ ಅಂದರು.

ಆ ಕತೆ ಚಿಕ್ಕಂದಿನಿಂದ ಅರ್ಧಂಬರ್ಧ ಕೇಳಿದ್ದೆ, ಪೂರ್ತಿ ಕೇಳಿಸ್ಕೊಂಡಿದ್ದು ಅವತ್ತು. ಊರಿನ ಹೆಸರಲ್ಲೇ ಅಗ್ರಹಾರ ಇದೆಯಲ್ಲ, ಅಂಥ ಊರುಗಳಲ್ಲಿ ಉಳುವವನು ಒಬ್ಬ, ಒಡೆಯ ಇನ್ನೊಬ್ಬ. ನಮ್ಮ ಎರಡು ಎಕರೆ ತಾತನದಲ್ಲ, ವಾರಕ್ಕೆ ಮಾಡ್ತಿದ್ದ ಗದ್ದೆ. ಬೆಳೆದಿದ್ದರಲ್ಲಿ ಅರ್ಧ ಒಡೆಯರ ಮನೆಗೆ. ಪಕ್ಕದ ಹುಣಸೂರಿನ ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿ ಆದರು. 1961ರ ಭೂಸುಧಾರಣಾ ಕಾಯ್ದೆಗೆ ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂತು. ಆ ದಿನಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರದ್ದು, ಉಳುತ್ತಿದ್ದವನು ಅರ್ಜಿ ಹಾಕಿದರೆ ಅವನದ್ದು. ಏಳನೇ ನಮೂನೆ ಅರ್ಜಿ. ರಾಜ್ಯದಲ್ಲಿ ಅಂಥ ಅರ್ಜಿ ಸುಮಾರು 8 ಲಕ್ಷ ಬಿದ್ದವು. ಅದರಲ್ಲಿ ಒಂದು ತಾತನದು.

ಆದರೆ ಪಹಣಿಯಲ್ಲಿ ತಾತನ ಹೆಸರೇ ಇರಲಿಲ್ಲ. ವಾರಕ್ಕೆ ಕೊಟ್ಟವರು ಯಾಕೆ ಬರೆಸ್ತಾರೆ? ದಾಖಲೆ ಪ್ರಕಾರ ನಮ್ಮ ತಾತ ಆ ಗದ್ದೆಗೆ ಕಾಲೇ ಇಟ್ಟಿಲ್ಲ.

ಕಾಯ್ದೆ ಮಾಡಿದವರು ಇದನ್ನ ಊಹಿಸಿದ್ದರು ಅಂತ ಈಗ ಓದಿದಾಗ ಗೊತ್ತಾಗುತ್ತೆ. ಅರ್ಜಿಗಳನ್ನ ಕೋರ್ಟಿಗೆ ಬಿಡದೆ ತಾಲ್ಲೂಕು ಮಟ್ಟದ ಭೂ ನ್ಯಾಯಮಂಡಳಿಗೆ ಕೊಟ್ಟರು. ಅಸಿಸ್ಟೆಂಟ್ ಕಮಿಷನರ್ ಜೊತೆ ಸರ್ಕಾರ ನೇಮಿಸಿದ ಊರುಕೇರಿಯ ಸದಸ್ಯರು, ಅದರಲ್ಲಿ ಪರಿಶಿಷ್ಟರೊಬ್ಬರು ಇರಲೇಬೇಕು. ವಕೀಲರಿಗೆ ಮೊದಮೊದಲು ಪ್ರವೇಶವೇ ಇರಲಿಲ್ಲ. ಒಡೆಯ ಬೆಂಗಳೂರಿನಿಂದ ದೊಡ್ಡ ವಕೀಲರನ್ನ ಕರೆದುಕೊಂಡು ಬಂದು ಇಂಗ್ಲಿಷಿನಲ್ಲಿ ವಾದ ಮಾಡಿಸಿದರೆ ಗೇಣಿದಾರ ಏನು ಮಾತಾಡ್ತಾನೆ ಅನ್ನೋ ಲೆಕ್ಕ. ತಾತನನ್ನ ಮಂಡಳಿಯವರು ಚಕ್ಕುಬಂದಿ ಕೇಳಿದರಂತೆ. ನಾಲ್ಕು ದಿಕ್ಕಿಗೆ ಯಾರ ಗದ್ದೆ, ತೂಬು ಯಾವ ಮೂಲೆಗೆ, ಬದು ಯಾವ ವರ್ಷದ ಮಳೆಯಲ್ಲಿ ಒಡೀತು, ಯಾರು ಕಟ್ಟಿದರು, ಎಲ್ಲ ಹೇಳಿದರು. ಪಕ್ಕದ ಗದ್ದೆಯವರು ಸಾಕ್ಷಿ ನುಡಿದರು. ಕಾಗದದಲ್ಲಿ ಇಲ್ಲದ್ದನ್ನ ಬಾಯಲ್ಲಿ ಹೇಳೋಕೆ ಒಂದು ಜಾಗ ಇತ್ತು. ಅದರ ಮೇಲೆ ಎರಡು ಎಕರೆ ನಮ್ಮದಾಯ್ತು.

ಇದನ್ನೆಲ್ಲ ಬರೀ ಬಂಗಾರ ಅಂತ ಹೇಳೋಕೆ ಆಗಲ್ಲ. ಗೇಣಿಗೆ ಕೊಡುವ ವಿನಾಯಿತಿಯನ್ನ ಸೈನಿಕರಿಗೆ, ನಾವಿಕರಿಗೆ ಮಾತ್ರ ಇಟ್ಟಿದ್ದರು, ವಿಧವೆಯರಿಗೆ ಇರಲಿಲ್ಲ. ಗಂಡ ಸತ್ತ ಮೇಲೆ ಬೇರೆ ದಾರಿ ಇಲ್ಲದೆ ಎರಡು ಮೂರು ಎಕರೆ ಗೇಣಿಗೆ ಕೊಟ್ಟಿದ್ದ ಹೆಂಗಸರೂ ಜಮೀನು ಕಳಕೊಂಡರು. ನಮ್ಮ ಒಡೆಯರ ಮನೆಯಲ್ಲೂ ಅಂಥವರೊಬ್ಬರಿದ್ದರು. ಅಜ್ಜಿ ಬದುಕಿರೋತನಕ ಸಂಕ್ರಾಂತಿಗೆ ಅವರ ಮನೆಗೆ ಒಂದು ಮೊರದ ತುಂಬ ಹೊಸ ಅಕ್ಕಿ ಹೋಗ್ತಿತ್ತು. ಯಾಕೆ ಅಂತ ಕೇಳಿದರೆ ‘ಕೊಡಬೇಕು’ ಅಂತಿದ್ದಳು, ಅಷ್ಟೆ. ಆ ಒಂದು ವಿನಾಯಿತಿ ಕಲಮಿನಲ್ಲಿ ಇನ್ನೊಂದು ಪದ ಸೇರಿದ್ದರೆ ಆ ಮೊರ ಹೋಗೋ ಅಗತ್ಯ ಬರ್ತಿರಲಿಲ್ಲ. ನಮಗೆ ಗದ್ದೆಯೂ ಬರ್ತಿರಲಿಲ್ಲವೇನೋ.

ಆ ಗದ್ದೆಯ ಭತ್ತ ತಿಂದು ಬೆಳೆದವನು ನಾನು. ಅರಸು ಕಾಲದಲ್ಲೇ ಎಲ್.ಜಿ.ಹಾವನೂರು ಆಯೋಗ ಕೂತು 1975ರಲ್ಲಿ ವರದಿ ಕೊಟ್ಟಿದ್ದು, ಹಿಂದುಳಿದವರ ಮೀಸಲಾತಿ ಒಂದು ದಾರಿಗೆ ಬಂದಿದ್ದು. ಸಿಇಟಿ ಬರೆದು ಮೈಸೂರಲ್ಲಿ ಸೀಟು ಸಿಕ್ಕಾಗ ನಾಲ್ಕು ವರ್ಷ ಹಿಂದುಳಿದ ವರ್ಗಗಳ ಹಾಸ್ಟೆಲ್ಲಿನಲ್ಲಿ ಉಂಡಿದೀನಿ. ಅದನ್ನ ನಾನು ಯಾವತ್ತೂ ಬಿಟ್ಟಿ ಊಟ ಅಂತ ಕರೆದಿಲ್ಲ. ‘ಮೆಸ್’ ಅಂತಿದ್ವಿ.

ಅವತ್ತಿನಿಂದ ನನಗೆ ಒಂದು ಹುಚ್ಚು ಹತ್ತಿದೆ. ರಾತ್ರಿ ರೀಲು ನೋಡೋ ಬದಲು ಸದನದ ಹಳೇ ಕತೆಗಳನ್ನ ಕೆದಕೋದು. ನಮ್ಮ ಮೈಸೂರಿಗೆ ಇದು ಹೊಸದೇನಲ್ಲ. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆ ಕರೆದಾಗ 144 ಜನ ಸೇರಿದ್ದರು. ಮತ ಹಾಕೋ ಅಧಿಕಾರ ಇರಲಿಲ್ಲ, ಕಾನೂನು ಮಾಡೋ ಅಧಿಕಾರ ಇರಲಿಲ್ಲ. ದಸರೆಗೆ ಬಂದು ತಮ್ಮ ಕಡೆಯ ಅಹವಾಲು ಹೇಳ್ಕೊಂಡು ಹೋಗೋದು. ಹೇಳ್ಕೊಳ್ಳೋದು ಅಷ್ಟೇ ಅಂದ್ಕೊಂಡರೂ, ಹೇಳೋಕೆ ಒಂದು ಜಾಗ ಅಂತ ಆಯ್ತಲ್ಲ.

ಇನ್ನೊಂದು ದಾರಿ ನನ್ನ ಕೆಲಸದಿಂದಲೇ ತೆರೀತು. ನಮ್ಮ ಕ್ಲೈಂಟ್ ಐರ್ಲೆಂಡಿನ ಡಬ್ಲಿನ್‌ನವರು. ಅಲ್ಲಿನ ತಂಡದ ಒಬ್ಬಾಕೆಗೆ ಇಬ್ಬರು ಮಕ್ಕಳು. ಅವ್ವನ ಕತೆ ಹೇಳಿದೆ. ಆಕೆ, ನನಗೂ ತಿಂಗಳಿಗೆ ಮಗುವಿಗೆ 140 ಯೂರೋ ಹಾಗೆ ಸರ್ಕಾರದಿಂದ ಬರುತ್ತೆ ಅಂದಳು. ನಾನು ನಂಬಲಿಲ್ಲ. ಆಕೆಯ ಸಂಬಳ ನನ್ನದರ ನಾಲ್ಕು ಪಟ್ಟು. ‘ಆದಾಯ ಕೇಳಲ್ವಾ?’ ಅಂದೆ. ‘ಮಕ್ಕಳಿದ್ದಾರಾ ಅಂತ ಕೇಳ್ತಾರೆ’ ಅಂದಳು.

ಅವರ ಸಂಸತ್ತಿನ ಕೆಳಮನೆಗೆ ಡಾಲ್ ಅಂತ ಹೆಸರು. 1919ರಿಂದ ಇಲ್ಲಿವರೆಗಿನ ಚರ್ಚೆಗಳೆಲ್ಲ ನೆಟ್ಟಿನಲ್ಲಿವೆ, ಯಾರು ಬೇಕಾದರೂ ಹುಡುಕಿ ಓದಬಹುದು. ಮಕ್ಕಳ ಭತ್ಯೆಯ ಕಾಯ್ದೆ ಅಲ್ಲಿ 1944ರಲ್ಲಿ ಬಂತು. ಮೊದಲಿಗೆ ಮೂರನೇ ಮಗುವಿನಿಂದ ಮುಂದಕ್ಕೆ, ವಾರಕ್ಕೆ ಎರಡೂವರೆ ಶಿಲ್ಲಿಂಗ್. ಆ ದುಡ್ಡು ಯಾರ ಕೈಗೆ ಅನ್ನೋದರಲ್ಲಿ ಗೆದ್ದಿದ್ದು ಅಪ್ಪ. ಮನೆಯ ಯಜಮಾನ ಅವನೇ ಅಲ್ಲವೇ? ಅದು ತಾಯಿಯ ಹಕ್ಕು ಅಂತ ಕಾಯ್ದೆ ಬದಲಾಗೋಕೆ 30 ವರ್ಷ ಹಿಡೀತು, 1974. ನಮ್ಮ ತಾತನಿಗೆ ಗದ್ದೆ ಬಂದ ಅದೇ ವರ್ಷ. 2008ರ ಆರ್ಥಿಕ ಕುಸಿತದಲ್ಲಿ ಐರ್ಲೆಂಡ್ ಮುಳುಗೋ ಹಂತಕ್ಕೆ ಹೋದಾಗ ಭತ್ಯೆಯ ಮೊತ್ತ ಕಡಿತ ಮಾಡಿದರು. ಆದರೆ ಉಳ್ಳವರು ಇಲ್ಲದವರು ಅಂತ ಪಟ್ಟಿ ಮಾಡೋಕೆ ಹೋಗಲಿಲ್ಲ, ಎಲ್ಲ ಮಕ್ಕಳಿಗೂ ಕೊಡೋದನ್ನ ಹಾಗೇ ಇಟ್ಟುಕೊಂಡರು.

ನಮ್ಮಲ್ಲೂ ಹಾಗೇ ಮಾಡಿ ಅಂತ ನಾನು ಹೇಳ್ತಿಲ್ಲ. ಅವರ ಇಡೀ ದೇಶದ ಜನ ನಮ್ಮ ಬೆಂಗಳೂರಿನ ಅರ್ಧ ಆಗಲ್ಲ. 52,000 ಕೋಟಿ ಅನ್ನೋದು ಸಣ್ಣ ಮೊತ್ತವೂ ಅಲ್ಲ, ಅದರಲ್ಲಿ ಎಷ್ಟು ಶಾಲೆ, ಎಷ್ಟು ಆಸ್ಪತ್ರೆ ಆಗ್ತಿತ್ತು ಅಂತ ಕೇಳೋರ ಪ್ರಶ್ನೆಯಲ್ಲೂ ಹುರುಳಿದೆ. ನನ್ನನ್ನ ಹಿಡಿದು ನಿಲ್ಲಿಸಿದ್ದು ‘ಯಾರ ಕೈಗೆ’ ಅನ್ನೋ ಆ ಮೂವತ್ತು ವರ್ಷ.

ಯಾಕಂದರೆ ಆ ವಾರವೇ ಅವ್ವನನ್ನ ಹಿಡಿದು ಕೂರಿಸಿ ಕೇಳಿದ್ದೆ. ‘ನಾನು ಹದಿನೈದು ಸಾವಿರ ಕಳಿಸ್ತೀನಿ. ಎರಡು ಸಾವಿರಕ್ಕೆ ಹನ್ನೊಂದು ಸಲ ಹೋಗಿದೀಯ. ನಿಜ ಹೇಳು, ಏನಾಗಿದೆ?’

ಅವಳು ಸೊಪ್ಪು ಬಿಡಿಸ್ತಾ ತಲೆ ಎತ್ತಲಿಲ್ಲ. ‘ನೀನು ಕಳ್ಸೋದು ನಿಮ್ಮಪ್ಪನ ಅಕೌಂಟಿಗೆ ಕಣಪ್ಪ.’

ಇಷ್ಟೇ. ಎಂಟು ವರ್ಷದಿಂದ ನಾನು ‘ಮನೆಗೆ’ ಕಳಿಸ್ತಿದ್ದ ದುಡ್ಡು ಹೋಗ್ತಿದ್ದದ್ದು ಅಲ್ಲಿಗೆ. ಅಪ್ಪ ಕೆಟ್ಟವರಲ್ಲ, ಕೇಳಿದರೆ ಇಲ್ಲ ಅನ್ನಲ್ಲ. ಆದರೆ ಕೇಳಬೇಕು. ಹಾಲಿನ ಬಟವಾಡೆಯೂ ಅಪ್ಪನ ಹೆಸರಿಗೇ, ಹಸು ಮೈ ತೊಳೆಯೋಳು ಇವಳು. ಜೊತೆಯವರಿಗೆ 2,000 ಬರೋಕೆ ಶುರುವಾದಾಗ ಅವರೆಲ್ಲ ಸೇರಿ ತಿಂಗಳಿಗೆ 2,000ದ ಚೀಟಿ ಮಾಡಿದ್ದರು. ನನಗೂ ಹೇಗೂ ಬರುತ್ತಲ್ಲ ಅಂತ ಇವಳೂ ಸೇರಿದ್ದಳು. ಬರದೇ ಇದ್ದಾಗ ಬಿಡೋ ಹಾಗಿರಲಿಲ್ಲ. ನಾಟಿ ಕೆಲಸಕ್ಕೆ ಬೇರೆಯವರ ಗದ್ದೆಗೆ ಹೋಗಿ, ಉಳಿದದ್ದಕ್ಕೆ ಅವಳ ಅಕ್ಕನ ಹತ್ತಿರ ಕೈಸಾಲ ಮಾಡಿ ಕಟ್ಟಿದ್ದಳು. ಸೊಂಟ ನೋವು ಅಂತ ಅವಳು ಫೋನಿನಲ್ಲಿ ಹೇಳಿದಾಗ ನಾನು ಆನ್‌ಲೈನಿನಲ್ಲಿ ಬೆಲ್ಟು ಆರ್ಡರ್ ಮಾಡಿದ್ದೆ. ಇಂಜಿನಿಯರ್ ಮಗ ಕಳಿಸಿದ್ದು ಅಂತ ಅದನ್ನ ಬೀದಿಗೆಲ್ಲ ತೋರಿಸಿದ್ದಳು.

ಮಾರನೇ ದಿನವೇ ಅವಳನ್ನ ಬ್ಯಾಂಕಿಗೆ ಕರ್ಕೊಂಡು ಹೋಗಿ ಫೋನಿಗೆ ಯುಪಿಐ ಮಾಡಿಸಿದೆ. ಈಗ ನಾನು ಕಳಿಸೋದರಲ್ಲಿ ಅರ್ಧ ಅವಳ ಖಾತೆಗೇ ಹೋಗುತ್ತೆ. ‘ಇನ್ನು ಆ ಎರಡು ಸಾವಿರದ ಗೋಜು ಬೇಡ ಅಲ್ವಾ?’ ಅಂದೆ.

‘ಅದ್ಯಾಕೆ ಬೇಡ? ಇದು ನೀನು ಕೊಡೋದು. ಅದು ನಂದು.’

ಸರಿ ಅಂತ ಹೊರಟೆವು. ಅಪ್ಪನ ರಿಟರ್ನ್ಸ್ ತೆಗೆದು, ತೆರಿಗೆ ಸೊನ್ನೆ ಅಂತ ಇರೋ ಪುಟ ಪ್ರಿಂಟ್ ಹಾಕಿಸಿ, ಒಂದು ಅರ್ಜಿ ಬರೆದು ಕೊಟ್ಟೆ. ಅವ್ವ ಕಂದಾಯದ ರಸೀತಿಗಳನ್ನೂ ಹಿಂದೆ ಪಿನ್ ಮಾಡು ಅಂದಳು, ಬೇಡ ಅಂದರೂ ಕೇಳಲಿಲ್ಲ. ಅರ್ಜಿ ತಗೊಂಡವರು ಮೇಲಕ್ಕೆ ಕಳಿಸ್ತೀವಿ ಅಂದರು. ಮೇಲೆ ಅಂದರೆ ಎಲ್ಲಿ, ಎಷ್ಟು ದಿನ ಅಂತ ಕೇಳಿದೆ. ಜಾತಿ, ಆದಾಯ ಪ್ರಮಾಣಪತ್ರ, ಪಿಂಚಣಿ ಇಂಥವಕ್ಕೆ ಸಕಾಲ ಇದೆ. 2011ರಲ್ಲಿ ಅದಕ್ಕೆ ಅಂತಲೇ ಕಾಯ್ದೆ ಮಾಡಿ 2012ರ ಏಪ್ರಿಲ್‌ನಲ್ಲಿ ಜಾರಿಗೆ ತಂದರು. ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ಪರಿಹಾರ ಕೇಳಬಹುದು. ನಮ್ಮ ಕಂಪನಿ ಕ್ಲೈಂಟಿಗೆ ಬರೆದುಕೊಡೋ ಒಪ್ಪಂದದ ಥರಾನೇ. ಆದರೆ ಕಂಪ್ಯೂಟರ್ ತಪ್ಪಾಗಿ ಹೌದು ಅಂದಿದ್ದನ್ನ ಇಲ್ಲ ಅಂತ ತಿದ್ದೋಕೆ ಎಷ್ಟು ದಿನ ಅಂತ ಅಲ್ಲಿ ಯಾರೂ ಹೇಳಲಿಲ್ಲ.

ಅಷ್ಟರಲ್ಲಿ ಇನ್ನೊಂದು ಕೆಲಸ ಮಾಡಿದೆ. ನಮ್ಮೂರಲ್ಲೇ ಹುಡುಕಿದಾಗ ಇದೇ ಥರ ಸಿಕ್ಕಿಹಾಕಿಕೊಂಡ ಇನ್ನೂ ನಾಲ್ಕು ಮನೆ ಸಿಕ್ಕವು. ಒಬ್ಬರದು ಟ್ರ್ಯಾಕ್ಟರ್ ಸಾಲಕ್ಕೆ ಹಾಕಿದ ರಿಟರ್ನ್ಸ್, ಇನ್ನೊಬ್ಬರದು ಎಂದೋ ಮುಚ್ಚಿದ ಅಂಗಡಿಯ ಜಿಎಸ್‌ಟಿ ನಂಬರು. ಎಲ್ಲ ಸೇರಿಸಿ ಒಂದು ಪ್ರಶ್ನೆ ಬರೆದೆ: ಈ ತಾಲ್ಲೂಕಿನಲ್ಲಿ ತೆರಿಗೆದಾರರು ಅಂತ ತಡೆಹಿಡಿದ ಅರ್ಜಿಗಳೆಷ್ಟು, ಅದರಲ್ಲಿ ನಿಜವಾಗಿ ತೆರಿಗೆ ಕಟ್ಟಿದವರೆಷ್ಟು, ಸರಿಪಡಿಸಲು ಕಾಲಮಿತಿ ಏನು? ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಅಂತ ಇರುತ್ತೆ, ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ರೀಲಿನಲ್ಲಿ ಬರದ ಈ ಲಿಖಿತ ಉತ್ತರಗಳಲ್ಲೇ ತಾಲ್ಲೂಕುವಾರು ಲೆಕ್ಕಗಳೆಲ್ಲ ಇರೋದು ಅಂತ ನನಗೆ ಈಚೆಗೆ ಗೊತ್ತಾಗಿದ್ದು. ಪ್ರಶ್ನೆಯ ಹಾಳೆಯನ್ನ ಶಾಸಕರೊಬ್ಬರ ಸಹಾಯಕರ ಕೈಗೆ ಕೊಟ್ಟೆ. ಅವರು ಮಡಚಿ ಜೇಬಿಗೆ ಹಾಕ್ಕೊಂಡರು. ಜೇಬಿನಿಂದ ಸದನಕ್ಕೆ ಅದು ಹೇಗೆ ಹೋಗುತ್ತೆ, ಹೋಗುತ್ತಾ ಅನ್ನೋದು ನನ್ನ ಕೈಯಲ್ಲಿಲ್ಲ.

ಗೆಳೆಯರ ಗ್ರೂಪಿನಲ್ಲಿ ಮೊನ್ನೆ ಯಾರೋ ಮತ್ತೆ ‘ಬಿಟ್ಟಿ’ ಮೀಮ್ ಹಾಕಿದ್ದರು. ಹಳೇದು, ನಾನೇ ಮಾಡಿದ್ದು. ಸುತ್ತಾಡಿ ಸುತ್ತಾಡಿ ನನಗೇ ವಾಪಸ್ ಬಂದಿತ್ತು.

ಅವ್ವನಿಗೆ ಈಗ ಫೋನಿನಲ್ಲಿ ವಿಧಾನಸಭೆ ಲೈವ್ ಹಾಕ್ಕೊಳ್ಳೋದು ಬರುತ್ತೆ. ಅಧಿವೇಶನ ಇದ್ದಾಗ ಹಾಲು ಹಾಕಿ ಬಂದು, ಜಗಲಿ ಕಂಬಕ್ಕೆ ಫೋನ್ ಒರಗಿಸಿ, ಅವರೆಕಾಯಿನೋ ಸೊಪ್ಪೋ ಬಿಡಿಸ್ತಾ ನೋಡ್ತಾಳೆ. ಯಾರು ಯಾವ ಪಕ್ಷ ಅಂತ ಗೊತ್ತಾಗಲ್ಲ, ‘ಕನ್ನಡಕದೋರು’, ‘ದಪ್ಪನೋರು’ ಅಂತ ಗುರುತು ಇಟ್ಕೊಂಡಿದ್ದಾಳೆ. ಮಧ್ಯಾಹ್ನ ನನಗೆ ಫೋನ್ ಬರುತ್ತೆ. ನಾನು ಮೀಟಿಂಗಿನಲ್ಲಿದ್ದರೂ ಎತ್ತುತ್ತೀನಿ.

‘ಇವತ್ತು ಪ್ರಶ್ನೆ ಕೇಳೋ ಹೊತ್ನಲ್ಲೇ ಎಲ್ಲಾ ಎದ್ದೋದ್ರು ಕಣ್ಲಾ. ನಮ್ದು ಬಂದೇ ಇಲ್ಲ.’

‘ನಾಳೆ ನೋಡೋಣ ಬಿಡವ್ವ.’

‘ನಾಳೆ ಎಷ್ಟು ಗಂಟೆಗೆ?’